ರಿಪೋರ್ಟ್ ನಾರ್ಮಲ್ ಅಂತೆ, ಹಾಗಾದರೆ ಈ ಉರಿ ಯಾರದ್ದು?

ಏನೂ ಇಲ್ಲವಂತೆ. ಮತ್ತೆ ಅದೇ ಮಾತು. ಮೂತ್ರ ಮಾಡುವಾಗ ಉರಿ ಅಂತ ಪರೀಕ್ಷೆ ಮಾಡಿಸಿದ್ದು, ಈ ಸಲವೂ ಮೂತ್ರದ ಕಲ್ಚರ್‌ನಲ್ಲಿ, ಅಂದರೆ ರೋಗಾಣು ಬೆಳೆಯುತ್ತಾ ನೋಡುವ ಪರೀಕ್ಷೆಯಲ್ಲಿ, ಏನೂ ಬೆಳೆದಿಲ್ಲ. ಪಸ್ ಸೆಲ್ಸ್ ಅಂದರೆ ಕೀವಿನ ಕಣ ಎರಡು ಮೂರು, ಅಷ್ಟು ಎಲ್ಲರಿಗೂ ಇರುತ್ತಂತೆ. ಶುಗರ್ ಇಲ್ಲ. ಸ್ಕ್ಯಾನಿಂಗ್‌ನಲ್ಲಿ ಕಲ್ಲೂ ಇಲ್ಲ. ಬಳ್ಳಾರಿಯಿಂದ ಈಗಷ್ಟೇ ಮನೆಗೆ ಬಂದಿದ್ದೇನೆ. ಗಂಟಲು ಒಣಗಿದೆ, ಆದರೆ ನೀರು ಕುಡಿಯೋಕೆ ಹೆದರಿಕೆ. ಕುಡಿದರೆ ಹೋಗಬೇಕಲ್ಲ.

ಸಣ್ಣ ಉರಿ ಅಂದುಕೊಳ್ಳಬೇಡಿ. ಶುರುವಿನಲ್ಲಿ ತಡೆದುಕೊಳ್ಳಬಹುದು. ಕೊನೆಯ ಹನಿಗಳು ಬರುವಾಗ ಗಾಯದ ಮೇಲೆ ಖಾರದ ಪುಡಿ ಉಜ್ಜಿದ ಹಾಗೆ ಆಗುತ್ತದೆ. ಗೋಡೆಗೆ ಕೈ ಊರಿ, ಹಲ್ಲು ಕಚ್ಚಿ ಕೂತಿರಬೇಕು. ಹೊರಗೆ ಬಂದು ಸೆರಗು ಸರಿ ಮಾಡಿಕೊಳ್ಳುವಷ್ಟರಲ್ಲಿ ಮತ್ತೆ ಬಂದ ಹಾಗಾಗುತ್ತದೆ. ಹೋದರೆ ನಾಲ್ಕೇ ಹನಿ. ರಾತ್ರಿ ಪೂರ್ತಿ ಇದೇ ಕತೆ. ಅತ್ತೆ ಪಡಸಾಲೆಯಲ್ಲಿ ಮಲಗುತ್ತಾರೆ, ಅವರನ್ನು ದಾಟಿಕೊಂಡೇ ಹೋಗಬೇಕು. ಚಿಲಕದ ಸದ್ದಿಗೆ ಎಚ್ಚರ ಆಗಿ "ಮತ್ತ ಎದ್ದೇನವಾ?" ಅಂತಾರೆ. ಪಾಪ, ಕಾಳಜಿಯಿಂದಲೇ ಕೇಳುತ್ತಾರೆ. ಅದನ್ನೂ ಈಗ ಸಹಿಸೋಕೆ ಆಗುತ್ತಿಲ್ಲ.

ಇವತ್ತು ಆದದ್ದು ಹೇಳುತ್ತೇನೆ. ಆ ಡಾಕ್ಟರ ರೂಮಿಗೆ ಬಾಗಿಲು ಅಂತ ಇಲ್ಲ, ಬರೀ ಹಸಿರು ಪರದೆ. ಹೊರಗೆ ಬೆಂಚಿನ ತುಂಬ ಜನ. ಅದರಲ್ಲಿ ನಮ್ಮ ಗಂಗಾವತಿಯವರೇ ಒಬ್ಬರು, ನಮ್ಮ ಓಣಿಗೆ ಬಂದು ಹೋಗುವವರು, ಮಗನನ್ನು ಕರೆದುಕೊಂಡು ಬಂದು ಕೂತಿದ್ದರು. ಡಾಕ್ಟರು ರಿಪೋರ್ಟ್ ನೋಡಿದರು. ನನ್ನ ಮುಖ ನೋಡಲಿಲ್ಲ. ಹಿಂದೆ ನಿಂತಿದ್ದ ನಮ್ಮ ಮನೆಯವರ ಕಡೆ ತಿರುಗಿ, "ಮನೇಲಿ ಏನಾದ್ರೂ ಟೆನ್ಶನ್ ಇದೆಯೇನ್ರಿ?" ಅಂತ ಜೋರಾಗಿ ಕೇಳಿದರು.

ಇವರು ಗಾಬರಿಯಾದರು. "ಹಂಗೇನಿಲ್ಲ ಸರ್."

"ಮಕ್ಕಳು?"

"ಇಬ್ಬರು ಅದಾರ್ರಿ."

"ಮತ್ತೇನ್ರಿ, ಆರಾಮ ಇರೋಕೆ ಹೇಳ್ರಿ ಅವರಿಗೆ. ರಿಪೋರ್ಟ್ ಕ್ಲೀನ್ ಇದೆ. ಕೆಲವು ಹೆಂಗಸರಿಗೆ ಹೀಗೇ ಅನಿಸ್ತಿರುತ್ತೆ."

ಅನಿಸ್ತಿರುತ್ತೆ! ನಾನು ಅಲ್ಲೇ ಎದುರಿಗೆ ಕೂತಿದ್ದೇನೆ. ನನ್ನನ್ನು ಒಂದು ಮಾತು ಕೇಳಬಾರದಾ? "ಸರ್, ಕೊನೆಗೆ ಜಾಸ್ತಿ ಉರಿತದ್ರಿ, ತುಂಬಿದಾಗ ಕೆಳಹೊಟ್ಟೆನೂ..." ಅಂತ ನಾನೇ ಶುರು ಮಾಡಿದೆ. ಮುಗಿಸೋಕೆ ಬಿಡಲಿಲ್ಲ. "ಸ್ವಚ್ಛ ಇರ್ತೀರೇನಮ್ಮಾ?" ಅಂದರು. ಅದೇ ಜೋರು ದನಿ. ಹೊರಗೆ ಅಲ್ಲಿಯವರೆಗೆ ಮಾತಾಡುತ್ತಿದ್ದವರೆಲ್ಲ ಸುಮ್ಮನಾದರು. ಪರದೆಯ ಕೆಳಗೆ ಅವರ ಚಪ್ಪಲಿಗಳು ಕಾಣುತ್ತಿದ್ದವು, ನಾನು ಅವನ್ನೇ ನೋಡುತ್ತಾ ಕೂತೆ. ಉತ್ತರ ಬಾಯಿಗೆ ಬರಲಿಲ್ಲ. ಅಷ್ಟರಲ್ಲಿ ಆಸ್ಪತ್ರೆಯ ಹುಡುಗ ಪರದೆ ಸರಿಸಿ ಮುಂದಿನ ಹೆಸರು ಕೂಗಿದ. ನಾನಿನ್ನೂ ಕುರ್ಚಿಯಲ್ಲೇ ಇದ್ದೇನೆ, ಅವರು ಬಂದು ಪಕ್ಕ ನಿಂತರು. ಎದ್ದು ಹೊರಗೆ ಬರುವಾಗ ನಮ್ಮೂರಿನವರು ಮೊಬೈಲ್ ನೋಡುವವರ ಹಾಗೆ ತಲೆ ತಗ್ಗಿಸಿಕೊಂಡರು. ಕೇಳಿಸಿಕೊಂಡಿದ್ದಾರೆ. ಎಲ್ಲಾ ಕೇಳಿಸಿಕೊಂಡಿದ್ದಾರೆ.

ಸ್ವಚ್ಛ ಇರ್ತೀರಾ ಅಂತ ಕೇಳಿದರಲ್ಲ, ಆ ಮಾತು ಬಸ್ಸು ಕುರುಗೋಡು ದಾಟಿದರೂ ಕಿವಿಯಿಂದ ಹೋಗಲಿಲ್ಲ. ಬಸ್ಸಿನ ಪ್ರತಿ ಕುಲುಕಾಟಕ್ಕೂ ಕೆಳಹೊಟ್ಟೆ ಹಿಂಡುತ್ತಿತ್ತು. ಕಂಪ್ಲಿಯಲ್ಲಿ ಕಂಡಕ್ಟರ್‌ಗೆ ಕೈ ಮುಗಿದು ಇಳಿದು ಓಡಿದೆ. ಪುಣ್ಯಾತ್ಮ ಬಸ್ ನಿಲ್ಲಿಸಿಕೊಂಡಿದ್ದ. ಒಂದು ಮಾತೂ ಕೇಳಲಿಲ್ಲ. ಇವತ್ತು ನನ್ನ ನೋವು ಅರ್ಥ ಮಾಡಿಕೊಂಡವನು ಅವನೊಬ್ಬನೇ.

ಇನ್ನೊಂದು ಹೇಳಲೇಬೇಕು. ಸೋಂಕಿಲ್ಲ ಅಂದವರೇ ಚೀಟಿಯಲ್ಲಿ ಮತ್ತೆ ಆ್ಯಂಟಿಬಯೋಟಿಕ್ ಬರೆದಿದ್ದಾರೆ! ಮೊದಲು ನೈಟ್ರೋಫ್ಯುರಾಂಟಾಯಿನ್ ಆಯಿತು, ಆಮೇಲೆ ನಾರ್‌ಫ್ಲಾಕ್ಸಾಸಿನ್ ಆಯಿತು, ಈಗ ಇನ್ಯಾವುದೋ. ಸೋಂಕೇ ಇಲ್ಲದಿದ್ದರೆ ಸೋಂಕಿನ ಮಾತ್ರೆ ಯಾಕೆ? ಸುಮ್ನೆ ನುಂಗಿದರೆ ನಾಳೆ ನಿಜವಾಗಿ ಸೋಂಕು ಬಂದಾಗ ಆ ಮಾತ್ರೆ ನಾಟದೇ ಹೋಗಬಹುದು ಅಂತ ಆಸ್ಪತ್ರೆ ಗೋಡೆಗಳ ಮೇಲೇ ಬರೆದು ಅಂಟಿಸಿರುತ್ತಾರೆ. ನಾನು ಯಾವುದನ್ನು ನಂಬಲಿ?

ರಿಪೋರ್ಟ್ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಲ್ಯಾಬಿನವರು ಮೂತ್ರವನ್ನು ಪ್ಲೇಟಿಗೆ ಹಚ್ಚಿ, ಒಂದೆರಡು ದಿನ ಬೆಚ್ಚಗೆ ಇಟ್ಟು, ಏನಾದರೂ ಬೆಳೆಯುತ್ತಾ ನೋಡಿದ್ದಾರೆ. ಬೆಳೆದಿಲ್ಲ. ಸರಿ. ಆದರೆ ಆ ಪ್ಲೇಟಿನಲ್ಲಿ ಟಿಬಿ ಬೆಳೆಯುವುದಿಲ್ಲ, ಲೈಂಗಿಕ ಸಂಪರ್ಕದಿಂದ ಹರಡುವ ಕ್ಲಮೈಡಿಯಾ ಅನ್ನುವ ಸೋಂಕೂ ಬೆಳೆಯುವುದಿಲ್ಲ. ಅವಕ್ಕೆ ಬೇರೆ ಪರೀಕ್ಷೆ ಬೇಕು. ಮುಟ್ಟು ನಿಂತವರಿಗೆ ಆ ಭಾಗ ಒಣಗಿಯೂ ಉರಿಯುತ್ತದೆ. ಕೆಳಗಿನ ಸ್ನಾಯುಗಳು ಬಿಗಿದುಕೊಂಡರೂ ನೋಯುತ್ತದೆ, ಅದಕ್ಕೆ ಫಿಸಿಯೋಥೆರಪಿ ಇದೆ. ಇದು ಯಾವುದೂ ಅಲ್ಲದೆ, ಸೋಂಕಿಲ್ಲದೆ ಮೂತ್ರಚೀಲವೇ ನೋಯುವ ಕಾಯಿಲೆಯೂ ಇದೆ. ಇಂಟರ್‌ಸ್ಟಿಷಿಯಲ್ ಸಿಸ್ಟೈಟಿಸ್ ಅಂತಾರೆ, ಬ್ಲ್ಯಾಡರ್ ಪೇನ್ ಸಿಂಡ್ರೋಮ್ ಅಂತಲೂ ಅಂತಾರೆ. ಬೇರೆ ಕಾರಣ ಸಿಗದೆ ನೋವು 6 ವಾರಕ್ಕಿಂತ ಜಾಸ್ತಿ ಉಳಿದರೆ ಅದನ್ನು ಯೋಚಿಸಬೇಕು ಅಂತ ಅಮೆರಿಕದ ಮೂತ್ರರೋಗ ತಜ್ಞರ ಮಾರ್ಗಸೂಚಿಯಲ್ಲಿದೆ. ಹನ್ನರ್ ಅನ್ನುವ ಡಾಕ್ಟರು ಹೆಂಗಸರ ಮೂತ್ರಚೀಲದೊಳಗಿನ ಹುಣ್ಣಿನ ಬಗ್ಗೆ 1915ರಲ್ಲೇ ಬರೆದರು. ನೂರು ವರ್ಷ ದಾಟಿತು. ಇನ್ನೂ ನಮಗೆ "ಅನಿಸ್ತಿರುತ್ತೆ" ಅಂತ ಹೇಳಿ ಕಳಿಸುತ್ತಾರಲ್ಲ.

ನನಗೆ ಇದೇ ಇದೆ ಅಂತ ನಾನು ಹಟ ಹಿಡಿದಿಲ್ಲ. ಇರಬಹುದು, ಇಲ್ಲದಿರಬಹುದು. ಯಾರಾದರೂ ಒಂದೊಂದಾಗಿ ನೋಡಿ ಹೇಳಲಿ ಅಂತ ಕೇಳುತ್ತಿದ್ದೇನೆ. ಮುಂದೆ ಏನು ಪರೀಕ್ಷೆ, ಕ್ಯಾಮೆರಾ ಹಾಕಿ ಒಳಗೆ ನೋಡಬೇಕಾ ಬೇಡವಾ, ಅಷ್ಟಾದರೂ ಹೇಳಬಹುದಿತ್ತು ಅಲ್ವಾ?

ಊರಲ್ಲಿ ಎಲ್ಲರದ್ದೂ ಒಂದೇ ಮಾತು, ಉಷ್ಣ. ನಮ್ಮ ಕಡೆ ಬಿಸಿಲು ಎಂಥದ್ದು ಅಂತ ಗೊತ್ತೇ ಇದೆ, ಮೊದಮೊದಲು ನಾನೂ ನಂಬಿದೆ. ಎಳನೀರು, ಬಾರ್ಲಿ ನೀರು, ಜೀರಿಗೆ ನೀರು, ಕಾಮಕಸ್ತೂರಿ ಬೀಜ, ರಾತ್ರಿ ಹೊಕ್ಕುಳಿಗೆ ಹರಳೆಣ್ಣೆ. ಎಲ್ಲಾ ಆಯಿತು. ಚಹಾ ಬಿಟ್ಟೆ. ನಿಂಬೆಹಣ್ಣು ಬಿಟ್ಟೆ. ಒಗ್ಗರಣೆ ಮಿರ್ಚಿ ಬಿಟ್ಟೆ, ಕೊಪ್ಪಳ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವಳು! ಖಾರ, ಚಹಾ ಬಿಟ್ಟ ಮೇಲೆ ಸ್ವಲ್ಪ ಕಡಿಮೆ ಅನಿಸಿದ್ದು ನಿಜ. ಅದನ್ನೂ ಡಾಕ್ಟರಿಗೆ ಹೇಳಬೇಕು ಅಂತಿದ್ದೆ.

ನನ್ನ ಕೆಲಸ ಸೀರೆ ಅಂಗಡಿಯಲ್ಲಿ. ಮದುವೆ ಸೀಸನ್. ಗಿರಾಕಿ ಮುಂದೆ ಸೀರೆ ಹರಡಿದ ಮೇಲೆ ಎದ್ದು ಹೋಗೋಕೆ ಆಗುವುದಿಲ್ಲ. ಹಿಂದಿನ ಬಚ್ಚಲಿನ ಕೀಲಿ ಗಲ್ಲಾದ ಪಕ್ಕದ ಮೊಳೆಗೆ ನೇತು ಹಾಕಿರುತ್ತಾರೆ, ಪ್ರತಿ ಸಲ ಮಾಲೀಕರ ಎದುರೇ ಕೈ ಚಾಚಿ ತೆಗೆದುಕೊಳ್ಳಬೇಕು. ಅವರು ಏನೂ ಅನ್ನುವುದಿಲ್ಲ, ಗಡಿಯಾರ ನೋಡುತ್ತಾರೆ. ರಿಪೋರ್ಟಿನಲ್ಲಿ ಏನಾದರೂ ಬಂದಿದ್ದರೆ ತೋರಿಸಿ, ನೋಡ್ರಿ ಸಾವಕಾರ್ರೇ ಇದು ನನಗೆ ಇರೋದು ಅಂತ ಹೇಳಬಹುದಿತ್ತು. ಈಗ ಏನು ತೋರಿಸಲಿ?

ಬಿಡಿ. ಯಾರನ್ನು ಬೈದು ಏನು ಉಪಯೋಗ. ಆ ಡಾಕ್ಟರಿಗೂ ಹೊರಗೆ ಅಷ್ಟು ಜನ ಕಾಯುತ್ತಿದ್ದರು, ಬೆಳಗಿನಿಂದ ಊಟ ಮಾಡಿದ್ದರೋ ಇಲ್ಲವೋ. ಇದು ಹೀಗೇ ಇರುತ್ತದೆ, ಅಭ್ಯಾಸ ಮಾಡಿಕೊಳ್ಳಬೇಕು ಅಂತ ಬಸ್ಸಿನಲ್ಲಿ ತೀರ್ಮಾನ ಮಾಡಿದ್ದೆ.

ಇಲ್ಲ, ಆಗಲ್ಲ. ಹೇಗೆ ಬಿಡಲಿ? ಈಗ ಇದನ್ನು ಬರೆಯುವಾಗಲೇ ಎದ್ದು ಹೋಗಿ ಬಂದೆ, ಕಣ್ಣಲ್ಲಿ ನೀರು ಬಂತು. ಇದು ಮನಸ್ಸಿನದ್ದಾ? ಮನಸ್ಸಿನದ್ದೇ ಆಗಿದ್ದರೂ ನೋವು ನೋವೇ ಅಲ್ವಾ, ಅದಕ್ಕೂ ಒಂದು ಔಷಧಿ, ಒಂದು ದಾರಿ ಹೇಳಬೇಕಲ್ವಾ?

ಗಂಗಾವತಿ, ಕೊಪ್ಪಳ, ಹೊಸಪೇಟೆ, ರಾಯಚೂರು ಕಡೆಯವರು ಯಾರಾದರೂ ಉತ್ತರ ಕೊಡಿ. ನಿಮಗೂ ಹೀಗೆ ಆಗಿದೆಯಾ? ರಿಪೋರ್ಟ್ ನಾರ್ಮಲ್ ಬಂದ ಮೇಲೂ ಉರಿ ಉಳಿದಿತ್ತಾ? ಆಮೇಲೆ ಏನು ಅಂತ ಗೊತ್ತಾಯಿತು, ಯಾವ ಪರೀಕ್ಷೆಯಲ್ಲಿ? ಬಾಗಿಲು ಹಾಕಿ, ನಮ್ಮನ್ನೇ ಕೇಳಿ, ಮಾತು ಮುಗಿಯುವ ತನಕ ಕಾಯುವ ಡಾಕ್ಟರು ಯಾರಾದರೂ ಇದ್ದರೆ ಹೇಳಿ, ಹೈದರಾಬಾದ್ ಆದರೂ ಸರಿ, ಹೋಗುತ್ತೇನೆ. ಎಳನೀರು ಕುಡಿಯಿರಿ ಅಂತ ಮಾತ್ರ ದಯವಿಟ್ಟು ಬರೆಯಬೇಡಿ.