ಮಳೆಗಾಲ, ಒದ್ದೆ ಶೂ ಮತ್ತು ಹೆಬ್ಬೆರಳ ಉಗುರು

ಜೂನ್ ಬಂತೆಂದರೆ ನಮ್ಮ ತೀರ್ಥಹಳ್ಳಿ, ಹೊಸನಗರದ ಕಡೆ ಕುಂಟುವವರು ಜಾಸ್ತಿ. ಕೇಳಿದರೆ "ಉಗುರು ಒಳಗೆ ಹೋಗಿದೆ ಮಾರಾಯ್ರೇ" ಎನ್ನುತ್ತಾರೆ.

ಬೇಜಾರಾಗಬೇಡಿ, ಎಷ್ಟೋ ಸಲ ಇದು ನಾವೇ ತಂದುಕೊಂಡದ್ದು. ಕಾಲಿನ ಉಗುರನ್ನು ಕೈಯದರ ಹಾಗೆ ಗುಂಡಗೆ, ತೀರಾ ಗಿಡ್ಡಕ್ಕೆ ಕತ್ತರಿಸುತ್ತೇವೆ. ಮೂಲೆಯಲ್ಲಿ ಕಣ್ಣಿಗೆ ಬೀಳದ ಒಂದು ಚೂಪು ಉಳಿಯುತ್ತದೆ. ಉಗುರು ಬೆಳೆದಂತೆ ಅದು ಪಕ್ಕದ ಮಾಂಸಕ್ಕೆ ಮುಳ್ಳಿನ ಹಾಗೆ ಇಳಿಯುತ್ತದೆ. ನೋವು ಶುರುವಾದರೆ ಬ್ಲೇಡ್ ತಗೊಂಡು ಅದೇ ಮೂಲೆಯನ್ನು ಮತ್ತೆ ಕೆದಕುವುದು! ನಾಲ್ಕು ದಿನ ಹಾಯೆನಿಸುತ್ತದೆ, ಆಮೇಲೆ ಇನ್ನೂ ಆಳಕ್ಕೆ ಚುಚ್ಚುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಉಗುರು ಬಾಗಿರುತ್ತದೆ, ಅದು ಬೇರೆ ಮಾತು.

ಉಳಿದದ್ದನ್ನು ಮಳೆ ನೋಡಿಕೊಳ್ಳುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಸುರಿಯುವ ಸೀಮೆ ನಮ್ಮದು. ತೋಟಕ್ಕೆ ಗಂಬೂಟು, ಶಾಲೆಗೆ ಬಿಗಿ ಶೂ. ನೆನೆದು ಮೆತ್ತಗಾದ ಚರ್ಮವನ್ನು ಶೂ ಉಗುರಿಗೆ ಒತ್ತಿ ಹಿಡಿಯುತ್ತದೆ. ಮಕ್ಕಳ ಕಾಲು ಬೇರೆ ಬೇಗ ಬೆಳೆಯುತ್ತದೆ, ಹೋದ ವರ್ಷದ ಶೂ ಈ ವರ್ಷ ಹಿಡಿಸುವುದಿಲ್ಲ. ಇಂಥ ಮಳೆಯಲ್ಲೂ ಶೂ ಕಡ್ಡಾಯ ಯಾಕೆ? ಸ್ಯಾಂಡಲ್ ಹಾಕಿದರೆ ಪಾಠ ತಲೆಗೆ ಹತ್ತಲ್ವಾ? ಆಗಸ್ಟ್ ಮುಗಿಯುವವರೆಗಾದರೂ ಶಾಲೆಗಳು ಇದನ್ನು ಬಿಡಬೇಕು.

ಶುರುವಿನಲ್ಲೇ ನೋಡಿಕೊಂಡರೆ ಮನೆಯಲ್ಲೇ ಸರಿಹೋಗುತ್ತದೆ. ನಮ್ಮ ಬಚ್ಚಲ ಹಂಡೆಯಲ್ಲಿ ಬಿಸಿನೀರಿಗೇನು ಬರವಿಲ್ಲ. ಹದವಾಗಿ ಬೆಚ್ಚಗಿರುವ ನೀರಲ್ಲಿ ಕಾಲನ್ನು 15 ನಿಮಿಷ ಇಡಿ, ದಿನಕ್ಕೆ 3-4 ಸಲ. ಆಮೇಲೆ ಪೂರಾ ಒರೆಸಿ. ಚರ್ಮವನ್ನು ಉಗುರಿನಿಂದ ಮೆಲ್ಲಗೆ ಆಚೆ ಸರಿಸಿ, ಅಂಚಿನ ಕೆಳಗೆ ಶುದ್ಧ ಹತ್ತಿಯ ಸಣ್ಣ ಎಳೆ ಇಡಿ. ದಿನಾ ಬದಲಿಸಿ. ವಾಸಿಯಾಗುವವರೆಗೆ ಚಪ್ಪಲಿಯೇ ಸಾಕು. ಮುಂದೆ ಉಗುರನ್ನು ನೇರಕ್ಕೆ ಕತ್ತರಿಸಿ, ಮೂಲೆ ಮುಟ್ಟಬೇಡಿ.

ಉಗುರಿನ ನಡುವೆ ಕಚ್ಚು ಮಾಡಿದರೆ ಮೂಲೆ ಮೇಲೇಳುತ್ತದೆ ಎನ್ನುವವರಿದ್ದಾರೆ. ಉಗುರು ಬೆಳೆಯುವುದು ಬುಡದಿಂದ, ತುದಿಯ ಕಚ್ಚಿನಿಂದ ಏನೂ ಆಗದು. ಉಗುರುಸುತ್ತಿಗೆ ಮಾಡುವ ಹಾಗೆ ನಿಂಬೆಹಣ್ಣು ಸಿಕ್ಕಿಸಿದರೂ ಚುಚ್ಚಿಕೊಂಡ ಉಗುರು ಹೊರಗೆ ಬರುವುದಿಲ್ಲ, ಸುಮ್ನೆ ಉರಿ.

ಸಕ್ಕರೆ ಕಾಯಿಲೆ ಇದ್ದವರು ಈ ಮನೆಮದ್ದಿಗೆಲ್ಲ ಕೈಹಾಕದೆ ನೇರ ಡಾಕ್ಟರ ಬಳಿ ಹೋಗಿ. ಕಾಲಿನ ಗಾಯ ಅವರಿಗೆ ಬೇಗ ಗೊತ್ತಾಗುವುದೂ ಇಲ್ಲ, ಬೇಗ ಮಾಯುವುದೂ ಇಲ್ಲ. ಕೀವು ಬಂದರೆ, ಕೆಂಪು ಹರಡಿದರೆ ಯಾರೇ ಆದರೂ ಕಾಯಬೇಡಿ. ಇಡೀ ಉಗುರು ಕಿತ್ತುಹಾಕುತ್ತಾರೆ ಅಂತ ಎಷ್ಟೋ ಜನ ಹೆದರಿ ಮನೆಯಲ್ಲೇ ಕೂರುತ್ತಾರೆ. ಸಾಮಾನ್ಯವಾಗಿ ಬೆರಳಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಚುಚ್ಚುತ್ತಿರುವ ಅಂಚಿನ ಒಂದು ಪಟ್ಟಿ ಮಾತ್ರ ತೆಗೆಯುತ್ತಾರೆ. ಪದೇ ಪದೇ ಕಾಡುತ್ತಿದ್ದರೆ ಆ ಜಾಗದ ಬುಡಕ್ಕೆ ಫೀನಾಲ್ ಎಂಬ ರಾಸಾಯನಿಕ ಹಚ್ಚುತ್ತಾರೆ, ಆ ಅಂಚು ಮತ್ತೆ ಬೆಳೆಯದ ಹಾಗೆ. ಅವತ್ತೇ ಮನೆಗೆ ಬರಬಹುದು.