ಜಗಳ ಬೇಡ ಅಂತ ಯೂಂಗ್ ಹೇಳಲಿಲ್ಲ

ಎಡ, ಬಲ ಎರಡೂ ಜಗಳ ಬಿಟ್ಟು ನಡುವೆ ಒಂದಾದರೆ ಅದೇ ನಿಜವಾದ ಪ್ರಜಾಪ್ರಭುತ್ವ ಎಂದು ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ ಹೇಳಿದ್ದರು ಅಂತ ಒಂದು ಪೋಸ್ಟರ್ ಓಡಾಡುತ್ತಿದೆ. ಅವರು ಹೇಳಿದ್ದು ಹೆಚ್ಚುಕಡಿಮೆ ಇದಕ್ಕೆ ಉಲ್ಟಾ.

1946ರಲ್ಲಿ, ಯುದ್ಧ ಮುಗಿದ ಮರುವರ್ಷ, ಯೂಂಗ್ ಬಿಬಿಸಿ ರೇಡಿಯೋದಲ್ಲಿ ಮಾತಾಡಿದರು. ತಮ್ಮ ದೇಶ ಸ್ವಿಟ್ಜರ್ಲೆಂಡನ್ನೇ ಉದಾಹರಣೆಗೆ ತಗೊಂಡರು. ಸ್ವಿಸ್ ಜನ ಸಾಧುಗಳೇನಲ್ಲ, ಆದರೆ ಜಗಳವನ್ನು ಗಡಿಯಾಚೆ ಒಯ್ಯದೆ ಮನೆಯೊಳಗೇ ಆಡುತ್ತಾರೆ, ಅದನ್ನೇ ರಾಜಕೀಯ ಅಂತಾರೆ ಎಂಬುದು ಅವರ ಮಾತಿನ ಸಾರ. ಒಂಥರಾ ಹದವಾದ ಅಂತರ್ಯುದ್ಧ! ಅಷ್ಟಕ್ಕೇ ನಿಲ್ಲಲಿಲ್ಲ. ಆ ಜಗಳ ಪ್ರತಿಯೊಬ್ಬರ ಮನಸ್ಸಿನೊಳಗೂ ನಡೆಯಬೇಕು ಎಂದರು. ಎದುರಾಳಿಯಲ್ಲಿ ಕಾಣುವ ಕೆಟ್ಟದ್ದು ನಮ್ಮಲ್ಲೂ ಇದೆ ಅಲ್ವಾ? ಅದನ್ನೇ ಅವರು 'ನೆರಳು' ಎಂದು ಕರೆದದ್ದು.

ಸ್ವಿಟ್ಜರ್ಲೆಂಡಿನಲ್ಲಿ 1847ರಲ್ಲಿ ನಿಜವಾದ ಅಂತರ್ಯುದ್ಧವೇ ಆಗಿತ್ತು. ಈಗ ಏಳು ಜನರ ಸರ್ಕಾರದಲ್ಲಿ ಎಡ, ಬಲ ಪಕ್ಷಗಳು ಒಟ್ಟಿಗೆ ಕೂರುತ್ತವೆ. ಹಾಗಂತ ಸುಮ್ನಿರುವುದಿಲ್ಲ. ಸಂಸತ್ತು ಮಾಡಿದ ಕಾನೂನು ಹಿಡಿಸದಿದ್ದರೆ 100 ದಿನದೊಳಗೆ 50,000 ಸಹಿ ಸೇರಿಸಿ ಜನಮತಕ್ಕೆ ಎಳೆಯಬಹುದು.

ಪೋಸ್ಟರಿನ ಅಭಿಪ್ರಾಯ ಬೇಕಾದರೆ ಇಟ್ಟುಕೊಳ್ಳಿ. ಯೂಂಗ್ ಹೆಸರು ಮಾತ್ರ ತೆಗೆಯಿರಿ.