ನಮ್ಮೂರಲ್ಲಿ ಇನ್ನೂ 2011

ಮೊನ್ನೆ ಸುಮ್ನೆ ಫೋನಲ್ಲಿ ನಮ್ಮೂರ ಹೆಸರು ಹಾಕಿ ಹುಡುಕಿದೆ. ಯಾವ್ದೋ ಸೈಟು 'ಲೇಟೆಸ್ಟ್ ಜನಸಂಖ್ಯೆ' ಅಂತ ದೊಡ್ಡಕ್ಷರದಲ್ಲಿ ಹಾಕಿ, ಕೆಳಗೆ ಇರುವೆ ಸೈಜಲ್ಲಿ 2011ರ ಜನಗಣತಿ ಅಂತ ಬರ್ದಿತ್ತು. ಖುಷಿಯಾಯ್ತು ಕಣ್ರಿ, ಆ ಲೆಕ್ಕದಲ್ಲಿ ನಮ್ಮಜ್ಜಿ ಇನ್ನೂ ಜಗಲಿ ಮೇಲೆ ಕೂತು ಎಲೆ ಅಡಿಕೆ ಕುಟ್ತಾ ಇದಾರೆ. ಪಕ್ಕದ್ಮನೆ ಹುಡುಗ '0-6 ವಯಸ್ಸಿನ ಮಕ್ಕಳು' ಕಾಲಮ್ಮಲ್ಲಿ ಅಂಗನವಾಡಿ ಉಪ್ಪಿಟ್ಟು ತಿಂತಿದಾನೆ, ಅಸಲಿಗೆ ಅವ್ನು 2024ರಲ್ಲಿ ಓಟ್ ಹಾಕಿ ಬೆರಳಿನ ಶಾಯಿ ಸ್ಟೇಟಸ್ಸಿಗೆ ಹಾಕಿದ್ದ, ಗಡ್ಡ ಬೇರೆ.

ಬ್ರಿಟಿಷರು 1881ರಿಂದ ಹತ್ತತ್ತು ವರ್ಷಕ್ಕೆ ತಲೆ ಎಣಿಸಿದ್ರು, 1941ರಲ್ಲಿ ಮಹಾಯುದ್ಧ ನಡೀತಿದ್ರೂ ಬಿಡಲಿಲ್ಲ. ನಾವು 2021ರದ್ದನ್ನ ಕೊರೋನಾ ಅಂತ ಮುಂದೂಡಿದ್ವಿ, ಸರಿ, ಆಮೇಲೆ ಕೊರೋನಾ ಹೋಯ್ತು, ಮಾಸ್ಕ್ ಹೋಯ್ತು, ಎಲೆಕ್ಷನ್ ರ್‍ಯಾಲಿಗೆ ಲಕ್ಷ ಲಕ್ಷ ಜನ ಬಂದು ಹೋದ್ರು, ಮುಂದೂಡೋದು ಮಾತ್ರ ಹೋಗ್ಲಿಲ್ಲ. 2025ರ ಜೂನಲ್ಲಿ ಅಂತೂ ನೋಟಿಫಿಕೇಶನ್ ಬಂತು, 2027ರ ಮಾರ್ಚ್ 1ಕ್ಕೆ ಎಷ್ಟು ಜನ ಇದಾರೆ ಅನ್ನೋ ಲೆಕ್ಕಕ್ಕೆ. ಮದುವೆ ಮುಹೂರ್ತ ಇಷ್ಟು ಮುಂದೂಡಿದ್ರೆ ಹೆಣ್ಣಿನ ಕಡೆಯೋರು ಬೇರೆ ಗಂಡು ನೋಡಿ ಮೊಮ್ಮಕ್ಕಳನ್ನೂ ಆಡಿಸ್ತಿರೋರು.

ಹಂಗಂತ ಎಣಿಸೋದೇ ನಿಂತಿಲ್ಲ. 2025ರ ಸೆಪ್ಟೆಂಬರಲ್ಲಿ ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆ ಬಂತಲ್ಲ, 60 ಪ್ರಶ್ನೆ, ಮನೆ ಮನೆಗೆ ಸ್ಟಿಕರ್, ಪಾಪ ಮೇಷ್ಟ್ರುಗಳು ದಸರಾ ರಜೇಲಿ ಓಟಿಪಿಗೆ ನೆಟ್‌ವರ್ಕ್ ಹುಡುಕ್ಕೊಂಡು ಬೀದಿ ಬೀದಿ ಅಲೆದ್ರು. ನಮ್ಮ ಬೀದೀಲಿ ಬೀಗ ತುಕ್ಕು ಹಿಡಿದಿರೋ ಮನೆಗೂ ಸ್ಟಿಕರ್ ಇದೆ, ಆ ಮನೆಯೋರು ಪೀಣ್ಯದಲ್ಲಿ ಬಾಡಿಗೆಗಿದಾರೆ, ಬರೋದು ಊರಹಬ್ಬಕ್ಕೆ ಮಾತ್ರ. ಅಂದಹಾಗೆ ಕಂದಾಯದೋರ ಭಾಷೇಲಿ 'ಬೇಚರಾಕ್ ಗ್ರಾಮ' ಅಂತ ಒಂದಿದೆ ಗೊತ್ತಾ, ಮೂಲ 'ಬೇ-ಚಿರಾಗ್', ಚಿರಾಗ್ ಅಂದ್ರೆ ದೀಪ, ದೀಪ ಹಚ್ಚೋರೇ ಇಲ್ಲದ ಊರು, ನಕ್ಷೇಲಿ ಮಾತ್ರ ಇರುತ್ತೆ. 2011ರಲ್ಲಿ ಕರ್ನಾಟಕದ 29,340 ಹಳ್ಳಿಗಳಲ್ಲಿ ಜನ ಇದ್ದಿದ್ದು 27,397ರಲ್ಲಿ. ನಮ್ಮೂರ ಬೀದೀಲಿ ರಾತ್ರಿ ಎಂಟಕ್ಕೆ ನಿಂತು ಲೈಟ್ ಉರಿಯೋ ಮನೆ ಎಣಿಸಿದ್ರೆ ನಾವೂ ಆ ಪಟ್ಟಿಗೆ ಅರ್ಜಿ ಹಾಕಬಹುದು ಅನ್ಸುತ್ತೆ.

ತಮಾಷೆ ಅಂದ್ಕೊಬೇಡಿ, ಆಹಾರ ಭದ್ರತಾ ಕಾಯ್ದೆಯ ಅಕ್ಕಿ ಕೋಟಾ ನಿಂತಿರೋದು ಇದೇ 2011ರ ತಲೆಗಳ ಮೇಲೆ. ಪಂಚಾಯ್ತಿಲಿ 400 ಜನಕ್ಕೊಬ್ಬ ಮೆಂಬರು ಅನ್ನೋದೂ ಜನಗಣತಿ ಲೆಕ್ಕವೇ. ಆಮೇಲೆ ಹುಟ್ಟಿದ ಮಕ್ಕಳಿಗೆ ಹಸಿವಾಗುತ್ತೆ ಅಂತ ಯಾರಿಗೂ ಹೊಳೀಲೇ ಇಲ್ಲ.

ಇನ್ನೊಂದು ಕಾಲಮ್ ಇದೆ, 'ಕೆಲಸಗಾರರಲ್ಲದವರು'. ವರ್ಷದಲ್ಲಿ ಆರು ತಿಂಗಳು ದುಡಿದ್ರೆ ಮುಖ್ಯ ಕೆಲಸಗಾರ, ಕಮ್ಮಿ ದುಡಿದ್ರೆ ಅಲ್ಪಾವಧಿ ಕೆಲಸಗಾರ, ಬರೀ ಮನೆಗೆಲಸ ಮಾಡೋ ಹೆಂಗಸರು, ಓದೋ ಹುಡುಗ್ರು, ಭಿಕ್ಷುಕರು ಎಲ್ಲಾ ಒಂದೇ ಗೂಡಿಗೆ. ನಮ್ಮಮ್ಮ ಐದಕ್ಕೆ ಎದ್ದು ಅಂಗಳ ಸಾರ್ಸಿ, ಬಚ್ಚಲೊಲೆಗೆ ಉರಿ ಹಾಕಿ, ಮುದ್ದೆ ತೊಳಸಿ, ಎಲ್ಲರ ಬಟ್ಟೆ ಒಗೆದು, ಮಂಡಿಗೆ ಎಣ್ಣೆ ತಿಕ್ಕೊಂಡು ಮಲಗೋದು ರಾತ್ರಿ ಹತ್ತಕ್ಕೆ. ಅಶ್ವತ್ಥಕಟ್ಟೆ ಮೇಲೆ ದಿನಾ ಇಸ್ಪೀಟು ಹಾಕೋ ಚಿಕ್ಕಪ್ಪ ಮಾತ್ರ ಪಹಣಿಲಿ ಹೆಸರಿದೆ ಅಂತ ತಮ್ಮನ್ನ ರೈತ ಅಂತಲೇ ಬರೆಸ್ತಾರೆ. ಇದನ್ನ ನೋಡಿ ನಗೋಕೂ ಬೇಜಾರು, ಸ್ವಾಮಿ.

ಅಮ್ಮಂಗೆ ಓದಿ ಹೇಳ್ದೆ. "ಕೆಲ್ಸ ಇಲ್ದೋಳು ಅಂತ ಬರ್ಕಂಡವ್ರಾ? ಹಂಗಾರೆ ನಾಳೆ ಬಚ್ಚಲೊಲೆಗೆ ನಿಮ್ ಚಿಕ್ಕಪ್ಪನೇ ಉರಿ ಹಾಕ್ಲಿ ಬಿಡು" ಅಂದು ಮುದ್ದೆ ಕೋಲು ತಗೊಂಡು ಒಳಗೆ ಹೋದ್ರು.